ಪದ ಬೇಕು: 'ಡೆತ್ ರೋ'ಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಕೈದಿಗಳ ಹಕ್ಕುಗಳ ಬಗ್ಗೆ ಒಂದು ಕಿರುಹೊತ್ತಿಗೆ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಗಲ್ಲುಶಿಕ್ಷೆಯಾದವರನ್ನು ಇಡುವ ಜಾಗಕ್ಕೆ 'ಮರಣದಂಡಿತರ ಸಾಲು' ಅಂತ ಬರೆದಿದ್ದೆ. ಕರಡು ನೋಡಿದವರು, ಯಾರು ಎಲ್ಲಿ ಸಾಲು ನಿಂತಿದ್ದಾರೆ ಅಂತ ಕೇಳಿದರು!

*

'ಸಾವುಸಾಲು' ಅನ್ನಿ. ಎರಡೂ ಅಚ್ಚಗನ್ನಡ. ಮರಣ, ದಂಡನೆ, ಕಾರಾಗೃಹ ಇವನ್ನೆಲ್ಲ ಇನ್ನೂ ಎಷ್ಟು ದಿನ ಹೊರುವುದು?

*

'ಸಾವುಸಾಲು' ಅಂದರೆ ಹೆಣಗಳ ಸಾಲು ಅನಿಸುತ್ತದೆ. ಬೇಡ.

ಮೊದಲು ಜಾಗ ಎಂಥದ್ದು ನೋಡಿ. 1894ರ ಕಾರಾಗೃಹ ಕಾಯ್ದೆಯ 30ನೇ ಸೆಕ್ಷನ್‌ನಲ್ಲಿ ಸಾಲಿನ ಮಾತೇ ಇಲ್ಲ. ಇರುವುದು ಸೆಲ್. ಶಿಕ್ಷೆಯಾಗಿ ಬಂದ ಕೂಡಲೇ ಕೈದಿಯ ಮೈ ತಡಕಬೇಕು. ಅವನ ಹತ್ತಿರ ಇರಬಾರದು ಅಂತ ಜೈಲರ್‌ಗೆ ಅನಿಸಿದ್ದನ್ನೆಲ್ಲ ತೆಗೆದುಕೊಳ್ಳಬೇಕು. ಆಮೇಲೆ ಬೇರೆ ಕೈದಿಗಳಿಂದ ದೂರ ಒಂದು ಸೆಲ್, ಹಗಲೂ ರಾತ್ರಿ ಕಾವಲು.

1978ರಲ್ಲಿ ಸುನಿಲ್ ಬಾತ್ರಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಲಗಾಮು ಹಾಕಿತು. ಕೆಳಗಿನ ಕೋರ್ಟು ಗಲ್ಲು ಅಂದ ಮಾತ್ರಕ್ಕೆ ಈ ಸೆಕ್ಷನ್ ಅನ್ವಯಿಸುವುದಿಲ್ಲ. ಅಪೀಲು, ಕ್ಷಮಾದಾನದ ಅರ್ಜಿ ಎಲ್ಲ ಮುಗಿದು ಗಲ್ಲು ಖಾಯಂ ಆಗಿರಬೇಕು. ಆಗಲೂ ಅದು ಏಕಾಂತ ಸೆರೆ ಆಗಕೂಡದು. ಹಾಗಾಗಿ ಕೈದಿಗೇ ಎರಡು ಹೆಸರು ಬೇಕಲ್ವಾ: 'ಗಲ್ಲುಶಿಕ್ಷೆ ಘೋಷಣೆಯಾದವರು', 'ಗಲ್ಲು ಖಾಯಂ ಆದವರು'. ಜಾಗಕ್ಕೆ 'ಗಲ್ಲು ಕೈದಿಗಳ ಸೆಲ್' ಸಾಕು.

*

ಸೆಲ್? ಟಾರ್ಚಿಗೆ ಹಾಕುವುದಾ? 'ಒಂಟಿಕೋಣೆ' ಅನ್ನುವ ಚೆಂದದ ಪದ ಇದೆ. ಈ 'ಗಲ್ಲು' ಕೂಡ ಇಂಗ್ಲಿಷಿನ 'ಗ್ಯಾಲೋಸ್'ನಿಂದ ಬಂದದ್ದು ಅಂತ ನನಗೆ ಮೊದಲಿನಿಂದಲೂ ಗುಮಾನಿ.

*

'ಗುಮಾನಿ' ಪಾರ್ಸಿಯಿಂದ ಬಂದದ್ದು ಸ್ವಾಮಿ. ಕೈದಿ, ವಕೀಲ, ಜಾಮೀನು, ಖಾಯಂ, ಇವೆಲ್ಲ ಅರಬ್ಬಿ-ಪಾರ್ಸಿ ಕಡೆಯವೇ. ಎಲ್ಲ ವಾಪಸ್ ಕಳಿಸಿದರೆ ಕೋರ್ಟಿನಲ್ಲಿ ಸುಮ್ನೆ ಕೂರಬೇಕು. 1831ರಲ್ಲಿ ನಂದಗಡದಲ್ಲಿ ರಾಯಣ್ಣನನ್ನು 'ಗಲ್ಲಿಗೇರಿಸಿದರು' ಅಂತಲೇ ಜನ ಹೇಳುತ್ತಾರೆ, ನಿಮ್ಮ ಅಪ್ಪಣೆಗೆ ಕಾದಿಲ್ಲ. ಇನ್ನು 'ಒಂಟಿಕೋಣೆ' ಅಂದರೆ ಮತ್ತೆ ಅದೇ ಏಕಾಂತ ಸೆರೆ. ಕೋರ್ಟು ಬೇಡ ಅಂದದ್ದನ್ನೇ ನೀವು ಪುಸ್ತಕದೊಳಗೆ ತುರುಕುತ್ತಿದ್ದೀರಿ.

*

ಧನ್ಯವಾದ. 'ಗಲ್ಲು ಕೈದಿಗಳ ಸೆಲ್' ಹಾಕುತ್ತೇನೆ. ನಕ್ಷೆಯಲ್ಲಿ ಜಾಗ ಕಡಿಮೆ, ಅಲ್ಲಿ ಬರೀ 'ಗಲ್ಲು ಸೆಲ್' ಅಂದರೆ ನಡೆಯುತ್ತಾ?

*

ನಡೆಯಲ್ಲ. ನೇಣು ಹಾಕುವ ಜಾಗವೇ ಅದು ಅಂದುಕೊಳ್ಳುತ್ತಾರೆ. ಅಕ್ಷರ ಸಣ್ಣದು ಮಾಡಿ.