ಟಿಇಎ ಹಾಕಿದರೆ ಸ್ಪೈಕ್ ಅಗಲವಾಗುತ್ತಿದೆ: ತಡೆದದ್ದು ಕೆವಿ3 ಪೊಟ್ಯಾಸಿಯಂ ಚಾನೆಲ್ಲೋ, ಬಿಕೆ ಪೊಟ್ಯಾಸಿಯಂ ಚಾನೆಲ್ಲೋ?

ಸ್ಲೈಸ್‌ಮೇಜು: ಇಲಿಯ ಮಿದುಳಿನ ಹಿಪೊಕ್ಯಾಂಪಸ್ ಸ್ಲೈಸ್, ಅದರ ಸಿಎ1 ಭಾಗದ ಪಿರಮಿಡ್ ನರಕೋಶ, ಹೋಲ್-ಸೆಲ್ (ಪಿಪೆಟ್ ದ್ರಾವಣ ಕೋಶದೊಳಗೆ ಸೇರುವ ಬಗೆಯ ರೆಕಾರ್ಡಿಂಗ್), 32 ಡಿಗ್ರಿ. 1 ಮಿಲಿಮೋಲಾರ್ ಟಿಇಎ (ಪೊಟ್ಯಾಸಿಯಂ ಚಾನೆಲ್ ಮುಚ್ಚುವ ರಾಸಾಯನಿಕ) ಹಾಕಿದರೆ ಅರ್ಧ ಎತ್ತರದಲ್ಲಿ ಸ್ಪೈಕಿನ (ನರಕೋಶದ ವಿದ್ಯುತ್ ಮಿಡಿತದ) ಅಗಲ 0.9ರಿಂದ 1.4 ಮಿಲಿಸೆಕೆಂಡಿಗೆ ಏರುತ್ತದೆ. ಇದು ಕೆವಿ3 ಮುಚ್ಚಿದ್ದರ ಫಲ ಎನ್ನಬಹುದೇ? ಟಿಇಎ ಇಲ್ಲದಿದ್ದರೂ 50 ಹರ್ಟ್ಸ್ (ಸೆಕೆಂಡಿಗೆ 50 ಸ್ಪೈಕ್) ಸಾಲಿನಲ್ಲಿ ಐದನೇ ಸ್ಪೈಕ್ ಮೊದಲನೆಯದಕ್ಕಿಂತ ಅಗಲ. ಯಾಕೆ?

ಪಿಪೆಟ್‌ಮೂತಿ: ಈಗಲೇ ಅನ್ನಬೇಡಿ. ಅಷ್ಟು ಟಿಇಎ ಕೆವಿ3, ಬಿಕೆ ಎರಡನ್ನೂ ಬಹುಪಾಲು ಮುಚ್ಚುತ್ತದೆ. ಸಿಎ1ನಲ್ಲಿ ಮೊದಲ ಅನುಮಾನ ಬಿಕೆ ಮೇಲೆ: ಸ್ಪೈಕಿನ ತುದಿಯಲ್ಲಿ ವೋಲ್ಟೇಜ್ ಮೇಲಿರುವಾಗಲೇ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಎರಡೂ ಕೂಡಿದರೆ ಬಿಕೆ ತೆರೆದು ಇಳಿತವನ್ನು ಚುರುಕಾಗಿಸುತ್ತದೆ. ಮೊದಲು ಬಿಕೆಯನ್ನಷ್ಟೇ ಮುಚ್ಚುವ ಐಬೀರಿಯೊಟಾಕ್ಸಿನ್ 100 ನ್ಯಾನೊಮೋಲಾರ್ ಹಾಕಿ (ಹೆಸರು ಹೇಗೇ ಇರಲಿ, ಅದು ಭಾರತದ ಕೆಂಪು ಚೇಳಿನ ವಿಷ), ಆಮೇಲೆ ಟಿಇಎ. ಈ ವಿಷ ಪ್ಲಾಸ್ಟಿಕ್ ಕೊಳವೆಗೆ ಅಂಟುತ್ತದೆ. 0.1% ಬಿಎಸ್‌ಎ (ಅಂಟದಂತೆ ತಡೆಯುವ ಪ್ರೋಟೀನ್) ಬೆರೆಸದಿದ್ದರೆ ದಾರಿಯಲ್ಲೇ ಉಳಿದುಹೋಗಿ "ಪರಿಣಾಮ ಇಲ್ಲ" ಎಂದು ಬರೆದುಕೊಳ್ಳುತ್ತೀರಿ. ಬೀಟಾ4 ಎಂಬ ಉಪಘಟಕವಿರುವ ಬಿಕೆ ಈ ವಿಷಕ್ಕೆ ಜಗ್ಗುವುದಿಲ್ಲ, ಅಲ್ಲಿಗೆ ಬಿಕೆ ಮುಚ್ಚುವ ಇನ್ನೊಂದು ವಸ್ತು ಪ್ಯಾಕ್ಸಿಲಿನ್ ಬೇಕು.

ಗೇಟುಕಾಯುವವ: ಎರಡನೇ ಪ್ರಶ್ನೆಗೆ: ಬಿಕೆ, ಎ-ಬಗೆಯ (ಬೇಗ ತೆರೆದು ಬೇಗ ಸುಮ್ಮನಾಗುವ) ಪೊಟ್ಯಾಸಿಯಂ ಚಾನೆಲ್‌ಗಳು ಒಮ್ಮೆ ತೆರೆದ ಮೇಲೆ ನಿಷ್ಕ್ರಿಯವಾಗುತ್ತವೆ. 20 ಮಿಲಿಸೆಕೆಂಡಿನ ಬಿಡುವಿನಲ್ಲಿ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ, ಹೊರಹೋಗುವ ಪೊಟ್ಯಾಸಿಯಂ ಪ್ರವಾಹ ತಗ್ಗಿ ಸ್ಪೈಕ್ ನಿಧಾನವಾಗಿ ಇಳಿಯುತ್ತದೆ. 1 ಹರ್ಟ್ಸ್‌ನಲ್ಲಿ ಅದೇ ಐದು ಸ್ಪೈಕ್ ಎಬ್ಬಿಸಿ ನೋಡಿ, ಅಗಲ ಬದಲಾಗಬಾರದು. ಆದರೂ ಬೆಳೆದರೆ ದೋಷ ರೆಕಾರ್ಡಿಂಗಿನದು. ಸರಣಿ ರೋಧ (ಪಿಪೆಟ್ ಮತ್ತು ಕೋಶದ ನಡುವಿನ ವಿದ್ಯುತ್ ಅಡ್ಡಿ) ಏರಿದ್ದರೆ, ಪಿಪೆಟ್ ಧಾರಕತೆ ಸರಿಪಡಿಸದಿದ್ದರೆ ಸ್ಪೈಕ್ ಸುಮ್ಮನೆ ಅಗಲ ಕಾಣುತ್ತದೆ. ಫಿಲ್ಟರ್ 10 ಕಿಲೋಹರ್ಟ್ಸ್, ಸ್ಯಾಂಪ್ಲಿಂಗ್ 50ಕ್ಕಿಂತ ಕಡಿಮೆ ಬೇಡ. ಉಷ್ಣತೆ ಎರಡು ಡಿಗ್ರಿ ಜಾರಿದರೂ ಲೆಕ್ಕ ತಪ್ಪುತ್ತದೆ. ಅಂದಹಾಗೆ, ಪಿಪೆಟ್ ದ್ರಾವಣದಲ್ಲಿ ಏನಿದೆ?

ಸ್ಲೈಸ್‌ಮೇಜು: 10 ಮಿಲಿಮೋಲಾರ್ ಬಾಪ್ಟಾ.

ಪಿಪೆಟ್‌ಮೂತಿ: ಅದನ್ನು ಮೊದಲೇ ಹೇಳಬೇಕಿತ್ತು! ಬಾಪ್ಟಾ ಕ್ಯಾಲ್ಸಿಯಂ ಅನ್ನು ಬೇಗ ಹಿಡಿಯುತ್ತದೆ, ಇಜಿಟಿಎ ನಿಧಾನ. ಹಾಗಾಗಿ ನಿಮ್ಮ ಬಿಕೆ ಬಹುಪಾಲು ಮೊದಲೇ ಸುಮ್ಮನಾಗಿದೆ. ಸಾಲಿನ ಅಗಲಿಕೆಗೆ ಎ-ಬಗೆಯೇ ಮುಖ್ಯ ಶಂಕಿತ. ಟಿಇಎ ಪರಿಣಾಮಕ್ಕೆ ಕೆವಿ3 ಸಂಭವ ಹೆಚ್ಚು, ಆದರೆ ಕೆವಿ1.1 ಎಂಬ ಇನ್ನೊಂದು ಪೊಟ್ಯಾಸಿಯಂ ಚಾನೆಲ್ ಕೂಡ ಈ ಪ್ರಮಾಣಕ್ಕೆ ಬಗ್ಗುತ್ತದೆ. ಕೆವಿ1.1 ಮುಚ್ಚುವ ಆಲ್ಫಾ-ಡೆಂಡ್ರೊಟಾಕ್ಸಿನ್ 100 ನ್ಯಾನೊಮೋಲಾರ್ ಹಾಕಿದ ಮೇಲೂ ಟಿಇಎ ಅಷ್ಟೇ ಅಗಲಿಸಿದರೆ ಕೆವಿ3 ಎನ್ನಿ. ಬಾಪ್ಟಾ ತೆಗೆದು 0.2 ಮಿಲಿಮೋಲಾರ್ ಇಜಿಟಿಎ ಹಾಕಿ ಇನ್ನೊಂದು ಗುಂಪು ಕೋಶಗಳಲ್ಲೂ ಅಳೆಯಿರಿ.