ಹಳೇ ಫ್ರಿಜ್‌ಗೆ ಬಿಯರ್ ಟ್ಯಾಪ್: ತೂತು ಎಲ್ಲಿ ಕೊರೆಯೋದು?

ಮಿನಿಯಾಪೊಲಿಸ್ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ಅಡುಗೆಮನೆಗೆ ಹೊಸ ಫ್ರಿಜ್ ಬಂತು, ಹಳೆಯದು ಗ್ಯಾರೇಜ್ ಸೇರಿತು. 18 ಕ್ಯೂಬಿಕ್ ಅಡಿಯದು. ಮೇಲೆ ಫ್ರೀಜರ್, ಕೆಳಗೆ ಫ್ರಿಜ್. ಈಗಲೂ ಚೆನ್ನಾಗಿ ತಂಪು ಮಾಡುತ್ತದೆ, ಎಸೆಯೋಕೆ ಮನಸ್ಸಿಲ್ಲ. ಅದನ್ನೇ ಡ್ರಾಟ್ ಬಿಯರ್ ಫ್ರಿಜ್, ಅಂದರೆ ಟ್ಯಾಪ್‌ನಿಂದ ನೇರ ಗ್ಲಾಸಿಗೆ ಬಿಯರ್ ಹಿಡಿಯುವಂಥದ್ದು ಮಾಡೋಣ ಅಂತಿದ್ದೇನೆ.

ಮನೆಯಲ್ಲೇ ಬಿಯರ್ ಮಾಡುತ್ತೇನೆ. ಪ್ರತಿ ಸಲ ಐವತ್ತು ಬಾಟಲಿ ತೊಳೆದು, ಸಕ್ಕರೆ ಹಾಕಿ, ಮುಚ್ಚಳ ಒತ್ತೋದು ಸಾಕಾಗಿದೆ. ಐದು ಗ್ಯಾಲನ್‌ನ ಎರಡು ಬಾಲ್ ಲಾಕ್ ಕೆಗ್ (ಪೈಪನ್ನು ಒತ್ತಿ ಸಿಕ್ಕಿಸುವ ಬಿಯರ್ ಪೀಪಾಯಿ), ಐದು ಪೌಂಡಿನ ಸಿಒ2 (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್, ಅದರ ಒತ್ತಡ ಹೊಂದಿಸುವ ರೆಗ್ಯುಲೇಟರ್ ತಂದಿಟ್ಟಿದ್ದೇನೆ. ರಾಜ್ಯೋತ್ಸವಕ್ಕೆ ಸ್ನೇಹಿತರು ಬರುತ್ತಾರೆ. ರಾಗಿ ಮಾಲ್ಟ್ ಸೇರಿಸಿದ ಏಲ್ ಬಿಯರ್ ಒಂದು ಕೆಗ್‌ನಲ್ಲಿ, ಗೋಧಿ ಬಿಯರ್ ಇನ್ನೊಂದರಲ್ಲಿ ಇರಬೇಕು ಅಂತ ಆಸೆ.

ಟ್ಯಾಪ್ ಬಾಗಿಲಿಗೆ ಹಾಕಲಾ, ಪಕ್ಕಕ್ಕಾ? ಸಿಲಿಂಡರ್ ಒಳಗಾ, ಹೊರಗಾ? ಕಿಟ್ ಜೊತೆ ಬಂದ ಬಿಯರ್ ಪೈಪು ಐದೇ ಅಡಿ ಇದೆ, ಸಾಕಾ? ಇಲ್ಲಿಯ ಜನವರಿಯಲ್ಲಿ ಗ್ಯಾರೇಜ್ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ಲ, ಅದೂ ಒಂದು ಚಿಂತೆ.

ಫ್ರಿಜ್ ಮೇಸ್ತ್ರಿ, ಚಿಕಾಗೊ:

ಬಾಗಿಲಿಗೇ ಹಾಕಿ. ಇಪ್ಪತ್ತು ವರ್ಷದಿಂದ ಫ್ರಿಜ್, ಎಸಿ ರಿಪೇರಿ ಮಾಡೋನು ನಾನು. ಬೇರೆ ಯಾವ ಮಾತು ಮರೆತರೂ ಇದೊಂದನ್ನು ಮರೀಬೇಡಿ: ಫ್ರಿಜ್ ತಂಪು ಮಾಡುವ ಗ್ಯಾಸಿನ ಪೈಪು ಎಲ್ಲಿದೆ ಅಂತ ತಿಳಿಯದೆ ಫ್ರಿಜ್‌ನ ಗೋಡೆಗೆ ಡ್ರಿಲ್ ಇಡಬೇಡಿ. ಎಷ್ಟೋ ಫ್ರಿಜ್‌ಗಳಲ್ಲಿ ಬಿಸಿ ಪೈಪು ಪಕ್ಕದ ತಗಡಿನ ಹಿಂದೆಯೇ ಹಾವಿನ ಹಾಗೆ ಸುತ್ತಿರುತ್ತದೆ. ಬಾಗಿಲಿನ ಸುತ್ತ ಇರುವ ಚೌಕಟ್ಟಿನಲ್ಲೂ ಒಂದು ಎಳೆ ಓಡುತ್ತದೆ, ಅಲ್ಲಿ ನೀರು ಬೆವರಬಾರದು ಅಂತ. ಒಂದು ಚುಚ್ಚಿದರೆ ಫ್ರಿಜ್ ಕಥೆ ಮುಗಿಯಿತು. ಹೊಸ ಫ್ರಿಜ್‌ಗಳಲ್ಲಿ ಆರ್600ಎ ಇರುತ್ತದೆ, ಅದು ಐಸೋಬ್ಯುಟೇನ್, ಬೆಂಕಿ ಹತ್ತುವ ಗ್ಯಾಸು. ನಿಮ್ಮದರಲ್ಲಿ ಯಾವುದು ಅಂತ ಒಳಗಿನ ಲೇಬಲ್ ನೋಡಿ.

ನಿಮ್ಮಂಥ ಸಾದಾ ಫ್ರಿಜ್‌ನ ಬಾಗಿಲಲ್ಲಿ ಬರೀ ಫೋಮ್. ಗೋಡೆಯಲ್ಲೇ ಕೊರೆಯಬೇಕು ಅಂತಾದರೆ ಕಾರ್ನ್‌ಫ್ಲೋರನ್ನು ಸ್ಪಿರಿಟ್‌ನಲ್ಲಿ ಕಲಸಿ ತೆಳುವಾಗಿ ಬಳಿಯಿರಿ, ಕಂಪ್ರೆಸರ್ ಓಡಲಿ. ಬಿಸಿ ಪೈಪಿನ ಮೇಲೆ ಮೊದಲು ಒಣಗಿ ಬಿಳಿ ಗೆರೆ ಮೂಡುತ್ತದೆ.

ಬಾಗಿಲಿನ ಒಳಮೈಯಲ್ಲಿರುವ ಪ್ಲಾಸ್ಟಿಕ್ ಕಟ್ಟೆಗಳು ಕೆಗ್‌ಗೆ ಅಡ್ಡ ಬರಬಹುದು. ಡ್ರಿಲ್ ಮಾಡುವ ಮೊದಲೇ ಎರಡೂ ಕೆಗ್ ಒಳಗಿಟ್ಟು ಬಾಗಿಲು ಹಾಕಿ ನೋಡಿ. ತುಂಬಿದ ಕೆಗ್ ಒಂದೊಂದೂ 50 ಪೌಂಡ್ ಹತ್ತಿರ ತೂಗುತ್ತದೆ. ತಳದಲ್ಲಿ ತರಕಾರಿ ಡಬ್ಬಿ ತೆಗೆದು ದಪ್ಪ ಪ್ಲೈವುಡ್ ಹಾಸಿ. ಹಿಂದೆ ಕಂಪ್ರೆಸರ್ ಇರುವಲ್ಲಿ ಒಂದು ಮೆಟ್ಟಿಲು ಇರುತ್ತದಲ್ಲ, ಸಿಲಿಂಡರ್‌ಗೆ ಅದೇ ಜಾಗ. ನಿಲ್ಲಿಸಿಯೇ ಇಡಿ, ಬೀಳದ ಹಾಗೆ ಕಟ್ಟಿ. ತಂಪಿಗೆ ಅದರ ಮೀಟರ್ 850ರಿಂದ 550 ಪಿಎಸ್‌ಐಗೆ (ಒತ್ತಡದ ಅಳತೆ) ಇಳಿಯುತ್ತದೆ. ಗ್ಯಾಸ್ ಖಾಲಿಯಾಯ್ತು ಅಂತ ಗಾಬರಿ ಬೇಡ. ಎಷ್ಟು ಉಳಿದಿದೆ ಅಂತ ತೂಕ ಹಾಕಿದರಷ್ಟೇ ಗೊತ್ತಾಗೋದು.

ಇನ್ನು ಪೈಪು. ಐದು ಅಡಿ ಸಾಲದು. ಫ್ರಿಜ್ 38 ಡಿಗ್ರಿ ಫ್ಯಾರನ್‌ಹೀಟ್, ರೆಗ್ಯುಲೇಟರ್ 12 ಪಿಎಸ್‌ಐ ಅಂತ ಇಟ್ಟುಕೊಳ್ಳಿ. ಆ ಒತ್ತಡವೆಲ್ಲ ಪೈಪಿನೊಳಗೇ ಸವೆದು, ಗ್ಲಾಸಿಗೆ ಬರುವಾಗ ಬಿಯರ್ ನಿಧಾನವಾಗಿ ಇಳಿಯಬೇಕು. ಗಿಡ್ಡ ಪೈಪಿನಲ್ಲಿ ಅದು ನುಗ್ಗುತ್ತದೆ, ಕರಗಿದ ಗ್ಯಾಸ್ ಟ್ಯಾಪ್‌ನಲ್ಲೇ ಹೊರಬಂದು ಅರ್ಧ ಗ್ಲಾಸ್ ನೊರೆ. ಆಗ ಜನ ಒತ್ತಡ ಇಳಿಸುತ್ತಾರೆ. ನಾಲ್ಕು ದಿನದಲ್ಲಿ ಬಿಯರ್ ಚಪ್ಪೆ. 3/16 ಇಂಚಿನ ಪೈಪು ಹತ್ತು ಅಡಿ ತಗೊಂಡು ಸುರುಳಿ ಮಾಡಿ ಕೆಗ್ ಮೇಲಿಡಿ. ಜಾಸ್ತಿ ನಿಧಾನ ಅನ್ನಿಸಿದರೆ ಆಮೇಲೆ ಕತ್ತರಿಸಬಹುದು, ಉದ್ದ ಮಾಡೋಕಾಗಲ್ಲ.

ಹ್ಯೂಸ್ಟನ್ ಗೌಡ್ರು:

ಮೇಸ್ತ್ರಿಗಳು ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಎಲ್ಲ ಜೋಡಿಸಿದ ಮೇಲೆ ಪ್ರತಿ ಜಾಯಿಂಟ್‌ಗೂ ಸೋಪಿನ ನೀರು ಹಾಕಿ ನೋಡಿ. ಸಿಲಿಂಡರ್ ಬಾಯಿಯ ವಾಷರ್ ಹೊಸದಿರಲಿ. ಸಣ್ಣ ಗುಳ್ಳೆ ಬಂದರೂ ಬಿಡಬೇಡಿ, ನೋಡನೋಡುತ್ತಾ ಸಿಲಿಂಡರ್ ಖಾಲಿಯಾಗಬಹುದು. ದುಡ್ಡಿನ ಮಾತು ಹಾಗಿರಲಿ. ಐದು ಪೌಂಡ್ ಅಂದ್ರೆ ಒಂದು ಘನ ಮೀಟರ್‌ಗಿಂತ ಜಾಸ್ತಿ ಗ್ಯಾಸು. ಕಿಟಕಿಯಿಲ್ಲದ ಸಣ್ಣ ರೂಮಿನಲ್ಲಿ ಅದು ಜೀವಕ್ಕೇ ಅಪಾಯ, ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತೆ. ಗ್ಯಾರೇಜ್ ಒಳ್ಳೆ ಜಾಗ. ಬೇಸ್‌ಮೆಂಟ್‌ನಲ್ಲಿ ಇಡೋರು ಸಿಒ2 ಅಲಾರಂ ಹಾಕಿಸಿ.

ಪೋರ್ಟ್‌ಲ್ಯಾಂಡ್ ಅಕ್ಕ:

ಪೈಪು ತೊಳೆಯೋದರ ಬಗ್ಗೆ ಯಾರೂ ಹೇಳಲೇ ಇಲ್ಲ! ಎರಡು ವಾರಕ್ಕೊಮ್ಮೆ ಬಿಯರ್ ಲೈನ್ ಕ್ಲೀನರ್ ಹಾಯಿಸಿ, ಆಮೇಲೆ ಚೆನ್ನಾಗಿ ನೀರು ಬಿಡಿ. ಟ್ಯಾಪ್ ಬಿಚ್ಚಿ ಒಳಗೆ ಸಣ್ಣ ಬ್ರಷ್ ಆಡಿಸಿ. ಅಲ್ಲಿ ಕೂರುವ ಲೋಳೆಯಿಂದಲೇ ಬಿಯರ್‌ಗೆ ಹುಳಿ ಮಜ್ಜಿಗೆ ವಾಸನೆ ಬರೋದು. ಟ್ಯಾಪ್ ಕೊಳ್ಳುವಾಗ ಸ್ಟೇನ್‌ಲೆಸ್ ಸ್ಟೀಲಿನದೇ ಕೊಳ್ಳಿ, ಮುಂಭಾಗದಲ್ಲಿ ಸೀಲ್ ಆಗುವಂಥದ್ದು. ದಿನಾ ಬಳಸದಿದ್ದರೂ ಹಿಡಿ ಅಂಟಿಕೊಳ್ಳಲ್ಲ. ಕ್ರೋಮ್ ಬಳಿದ ಹಿತ್ತಾಳೆಯದು ಕೆಲವು ವರ್ಷಕ್ಕೆ ಒಳಗೆ ಸವೆಯುತ್ತದೆ.

ಮಿನಿಯಾಪೊಲಿಸ್ ಕನ್ನಡಿಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ಅಡಿ ಪೈಪು ಎರಡು ಆರ್ಡರ್ ಮಾಡಿದೆ. ಚಳಿಗಾಲದ ಪ್ರಶ್ನೆ ಉಳಿಯಿತು ಮೇಸ್ತ್ರಿಗಳೇ. ಇನ್ನೊಂದು, ಗೋಧಿ ಬಿಯರ್‌ಗೆ ಗ್ಯಾಸ್ ಜಾಸ್ತಿ ಬೇಕಲ್ವಾ? ಎರಡೂ ಕೆಗ್‌ಗೆ ಒಂದೇ ಒತ್ತಡ ಸರಿಹೋಗುತ್ತಾ?

ಫ್ರಿಜ್ ಮೇಸ್ತ್ರಿ, ಚಿಕಾಗೊ:

ಗೋಧಿಗೆ ಹೆಚ್ಚು ಬೇಕು, ನಿಜ. ಎರಡು ಒತ್ತಡ ಬೇಕಾದರೆ ಎರಡನೇ ರೆಗ್ಯುಲೇಟರ್ ಹಾಕಬೇಕು, ಆ ಕಡೆ ಪೈಪು ಇನ್ನೂ ಉದ್ದ ಬೇಕು. ಮೊದಲ ವರ್ಷ ಎರಡಕ್ಕೂ 12 ಇಡಿ, ಕುಡಿದು ನೋಡಿ ನಿರ್ಧರಿಸಿ. ರಾಜ್ಯೋತ್ಸವಕ್ಕೆ ಅಂದರೆ ಅಕ್ಟೋಬರ್ ಮಧ್ಯಕ್ಕೇ ಕೆಗ್ ತುಂಬಿಸಿ ಗ್ಯಾಸ್ ಜೋಡಿಸಿ. 12ರಲ್ಲಿ ಸುಮ್ನೆ ಬಿಟ್ಟರೆ ಗ್ಯಾಸ್ ಪೂರ್ತಿ ಕರಗೋಕೆ ಎರಡು ವಾರ ಹಿಡಿಯುತ್ತದೆ.

ಚಳಿಗೆ ಎರಡು ಪ್ಲಗ್ಗಿನ ಟೆಂಪರೇಚರ್ ಕಂಟ್ರೋಲರ್ ತಗೊಳ್ಳಿ, ಬೆಚ್ಚಗಾದರೆ ಫ್ರಿಜ್, ತೀರಾ ತಣ್ಣಗಾದರೆ ಹೀಟರ್ ಆನ್ ಮಾಡುವಂಥದ್ದು. ಒಂದಕ್ಕೆ ಫ್ರಿಜ್, ಇನ್ನೊಂದಕ್ಕೆ ಹಲ್ಲಿ, ಆಮೆ ಸಾಕೋರು ಬಳಸುವ ಸಣ್ಣ ಸೆರಾಮಿಕ್ ಹೀಟರ್. ಅದು ಪ್ಲಾಸ್ಟಿಕ್‌ಗೆ, ಪೈಪಿಗೆ ತಾಗದ ಹಾಗೆ ತಂತಿ ಪಂಜರದಲ್ಲಿ ಕೂರಿಸಿ. ಸಾಧಾರಣ ಬಿಯರ್ 28 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಹೆಪ್ಪುಗಟ್ಟೋಕೆ ಶುರು, ಅಷ್ಟರೊಳಗೆ ಹೀಟರ್ ಬಂದಿರಬೇಕು. ಕಂಟ್ರೋಲರ್‌ನ ಸೆನ್ಸರ್ ಗಾಳಿಯಲ್ಲಿ ನೇತುಹಾಕಬೇಡಿ. ಕೆಗ್ ಮೈಗೆ ಅಂಟಿಸಿ ಮೇಲೆ ಒಂದು ಫೋಮ್ ತುಂಡು ಕಟ್ಟಿ. ಇಲ್ಲದಿದ್ದರೆ ಬಾಗಿಲು ತೆಗೆದಾಗಲೆಲ್ಲ ಕಂಪ್ರೆಸರ್ ಆನ್ ಆಗುತ್ತದೆ. ಆಫ್ ಆದ ಮೇಲೆ ಮತ್ತೆ ಆನ್ ಆಗೋಕೆ ಮುಂಚಿನ ಡಿಲೇ ಐದು ನಿಮಿಷಕ್ಕೆ ಇಡಿ, ಹಳೇ ಕಂಪ್ರೆಸರ್‌ಗೆ ಅಷ್ಟು ಬಿಡುವು ಬೇಕು.

ತೂತು ಕೊರೆಯುವ ದಿನ ಬಾಗಿಲಿನ ಫೋಟೋ ಹಾಕಿ, ಎತ್ತರ ನೋಡಿ ಹೇಳ್ತೀನಿ. ಟ್ಯಾಪ್ ಕೆಳಗೆ ಗ್ಲಾಸ್ ಓರೆಯಾಗಿ ಹಿಡಿಯೋಕೆ ಜಾಗ ಇರಬೇಕು.