ಐ5-4460ರಲ್ಲಿ ಗೇಮ್ ತಡವರಿಸುತ್ತಿದೆ, ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕೇ?

ಪ್ರಶ್ನೆ, ಡೊಂಬಿವಲಿಯಿಂದ:
ನಮಸ್ಕಾರ ಸರ್. ಇಂಟೆಲ್ ಐ5-4460 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇದೆ. ಜಿಟಿಎ 5ರಲ್ಲಿ ಗುಡ್ಡಗಾಡಿನ ಕಡೆ 70 ಎಫ್‌ಪಿಎಸ್ (ಸೆಕೆಂಡಿಗೆ 70 ಫ್ರೇಮ್) ಬರುತ್ತದೆ. ಪೇಟೆಯೊಳಗೆ ಕಾರು ಓಡಿಸಿದರೆ 35ಕ್ಕೆ ಬಿದ್ದು ತಡವರಿಸುತ್ತದೆ. ಗ್ರಾಫಿಕ್ಸ್ ಎಲ್ಲ ನಾರ್ಮಲ್‌ಗೆ ಇಳಿಸಿದರೂ ಅಷ್ಟೇ. ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರಲ್ಲಿ ಕಾರ್ಡ್ ಬದಲಿಸಿ ಅಂದರು. ಬದಲಿಸಲೇ?

ಉತ್ತರ, ಗ್ರ್ಯಾಂಟ್ ರೋಡ್, ಕಂಪ್ಯೂಟರ್ ರಿಪೇರಿ:
ಬೇಡ. ಸೆಟ್ಟಿಂಗ್ ಇಳಿಸಿದರೂ ಎಫ್‌ಪಿಎಸ್ ಏರಲಿಲ್ಲ ಅಂದಿರಲ್ಲ, ಉತ್ತರ ಅಲ್ಲೇ ಇದೆ. ಪ್ರತಿ ಫ್ರೇಮಿಗೂ ಯಾವ ಕಾರು ಎಲ್ಲಿ ತಿರುಗಬೇಕು, ಯಾವ ಕಟ್ಟಡ ಕಾಣಬೇಕು ಎಂದು ಮೊದಲು ಪ್ರೊಸೆಸರ್ ಲೆಕ್ಕ ಹಾಕಬೇಕು. ಆಮೇಲೆ ಕಾರ್ಡ್ ಚಿತ್ರ ಬಿಡಿಸುತ್ತದೆ. ಆ ಲೆಕ್ಕಕ್ಕೇ 28 ಮಿಲಿಸೆಕೆಂಡ್ ಹಿಡಿದರೆ ಎಂಥಾ ಕಾರ್ಡ್ ಹಾಕಿದರೂ 35ರ ಮೇಲೆ ಹೋಗದು.

ಖಾತ್ರಿ ಮಾಡಿಕೊಳ್ಳಲು ಎಂಎಸ್ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್ ಹಾಕಿ, ಆಡುವಾಗ ಕಾರ್ಡಿನ ಬಳಕೆ ಶೇಕಡಾ ಎಷ್ಟೆಂದು ನೋಡಿ. 95ರ ಮೇಲಿದ್ದರೆ ಕಾರ್ಡೇ ಸಾಲದು. 60ರ ಸುತ್ತ ಆಡುತ್ತಿದ್ದರೆ ಪ್ರೊಸೆಸರೋ ರ‍್ಯಾಮೋ ತಡೆಯುತ್ತಿದೆ. ಪ್ರೊಸೆಸರಿನ ಒಟ್ಟು ಶೇಕಡಾ ನೋಡಿ ಮೋಸಹೋಗಬೇಡಿ: ಒಂದೇ ಕೋರ್ ಉಸಿರುಗಟ್ಟಿದ್ದರೂ ಒಟ್ಟು ಲೆಕ್ಕ 60 ತೋರಿಸೀತು. ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿದರೂ ಎಫ್‌ಪಿಎಸ್ ಅಲ್ಲೇ ನಿಂತರೆ ಅನುಮಾನವೇ ಇಲ್ಲ.

ಈಗ ಮದ್ದು. ಮೊದಲನೆಯದು ರ‍್ಯಾಮ್. ಒಂದೇ ಸ್ಟಿಕ್ ಎಂದರೆ ಸಿಂಗಲ್ ಚಾನೆಲ್, ಅರ್ಧ ರಸ್ತೆ ಮುಚ್ಚಿದ ಹಾಗೆ. ಎಚ್81ರಲ್ಲಿ ಇರುವುದೇ ಎರಡು ಸ್ಲಾಟ್, ಮಿತಿ 16 ಜಿಬಿ. ಇನ್ನೊಂದು 8 ಜಿಬಿ ಡಿಡಿಆರ್3 1600 ಹಾಕಿ, ಸಿಪಿಯು-ಝಡ್ ಸಾಫ್ಟ್‌ವೇರಿನ ಮೆಮೊರಿ ಪುಟದಲ್ಲಿ 'ಡ್ಯುಯಲ್' ಬಂತೇ ನೋಡಿ. ತಡವರಿಕೆಯ ದೊಡ್ಡ ಪಾಲು ಇಲ್ಲೇ ಹೋಗಬೇಕು. 'ಎಎಂಡಿಗೆ ಮಾತ್ರ' ಎಂದು ಅಗ್ಗಕ್ಕೆ ಮಾರುವ ಸ್ಟಿಕ್ ಕೊಳ್ಳಬೇಡಿ, ಅದರ ಚಿಪ್‌ಗಳ ಜೋಡಣೆ ಇಂಟೆಲ್ ಬೋರ್ಡಿಗೆ ಆಗಿಬರುವುದಿಲ್ಲ.

ಎರಡನೆಯದು ಶಾಖ. ಶಾಖ ತೋರಿಸುವ ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರ್ ತೆರೆದು ಅರ್ಧ ಗಂಟೆ ಆಡಿ. ಈ ಪ್ರೊಸೆಸರ್ 100 ಡಿಗ್ರಿಯ ಹತ್ತಿರ ಹೋದಾಗ ತಾನೇ ವೇಗ ಇಳಿಸುತ್ತದೆ. ಎಸಿ ಇಲ್ಲದ ಕೋಣೆ, ಮೇ ತಿಂಗಳು, ಟೇಬಲ್ಲಿನ ಮುಚ್ಚಿದ ಗೂಡಿನೊಳಗೆ ಕ್ಯಾಬಿನೆಟ್ ಎಂದರೆ ಕೇಳುವುದೇ ಬೇಡ. 85 ದಾಟುತ್ತಿದ್ದರೆ ಪ್ರೊಸೆಸರಿಗೂ ಕೂಲರಿಗೂ ನಡುವಿನ ಥರ್ಮಲ್ ಪೇಸ್ಟ್ ಬದಲಿಸಿ. ಯಂತ್ರ ಹತ್ತು ನಿಮಿಷ ಓಡಿಸಿದರೆ ಹಳೇ ಪೇಸ್ಟ್ ಮೆತ್ತಗಾಗುತ್ತದೆ. ಆಮೇಲೆ ಆಫ್ ಮಾಡಿ, ವೈರ್ ಕಿತ್ತು ಕೂಲರ್ ಬಿಚ್ಚಿ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಡಿ. ಕೂಲರಿನ ನಾಲ್ಕು ಪಿನ್ನುಗಳನ್ನು ಬಿಚ್ಚುವಾಗ ತಿರುಗಿಸಿರುತ್ತೀರಿ, ಕೂರಿಸುವ ಮುನ್ನ ವಾಪಸು ತಿರುಗಿಸಿಕೊಳ್ಳಿ. ಮರೆತರೆ ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ಎದುರುಬದುರು ಪಿನ್ ಒತ್ತಿ, ನಾಲ್ಕೂ ಟಕ್ ಎನ್ನಬೇಕು.

ಗೇಮಿನೊಳಗೆ ನೀವು ಇಳಿಸಿದ್ದು ಬಹುಪಾಲು ಕಾರ್ಡಿನ ಕೆಲಸ. ಪ್ರೊಸೆಸರಿಗೆ ಹೊರೆ ಕೊಡುವುದು ಪಾಪ್ಯುಲೇಷನ್ ಡೆನ್ಸಿಟಿ, ಡಿಸ್ಟೆನ್ಸ್ ಸ್ಕೇಲಿಂಗ್ ಎಂಬ ಎರಡು ಜಾರುಪಟ್ಟಿಗಳು. ಅವನ್ನು ಅರ್ಧಕ್ಕಿಂತ ಕೆಳಗೆ ಎಳೆಯಿರಿ, ಎಕ್ಸ್‌ಟೆಂಡೆಡ್ ಡಿಸ್ಟೆನ್ಸ್ ಸ್ಕೇಲಿಂಗ್ ಸೊನ್ನೆಗೆ ತನ್ನಿ. ಟೆಕ್ಸ್ಚರ್ ಹೈಗೆ ಏರಿಸಿದರೂ ನಡೆದೀತು. ಕೊನೆಗೆ ಆಫ್ಟರ್‌ಬರ್ನರ್ ಜೊತೆ ಬರುವ ರಿವಾಟ್ಯೂನರಿನಲ್ಲಿ ಎಫ್‌ಪಿಎಸ್ ಮಿತಿ 50 ಎಂದು ಕಟ್ಟಿ. 70ಕ್ಕೂ 35ಕ್ಕೂ ಜಿಗಿಯುವುದಕ್ಕಿಂತ ಒಂದೇ ಸಮನೆ 50 ಬಂದರೆ ಕಣ್ಣಿಗೆ ಹಿತ.

ಅಂದಹಾಗೆ, ರ‍್ಯಾಮ್ ಕ್ಲೀನರ್, ಗೇಮ್ ಬೂಸ್ಟರ್ ಎಂಬ ಸಾಫ್ಟ್‌ವೇರ್ ಯಾವುದೂ ಬೇಡ. ಹಿಂದೆ ತೆರೆದಿಟ್ಟ ಕ್ರೋಮ್ ಮುಚ್ಚಿದರೆ ಅದಕ್ಕಿಂತ ಲಾಭ. ಓವರ್‌ಕ್ಲಾಕ್ (ನಿಗದಿಗಿಂತ ವೇಗ ಏರಿಸುವುದು) ಕೂಡ ಇಲ್ಲ, ಹೆಸರಿನ ಕೊನೆಗೆ 'ಕೆ' ಇಲ್ಲದ ಪ್ರೊಸೆಸರಿನಲ್ಲಿ ವೇಗ ನಿರ್ಧರಿಸುವ ಗುಣಕಕ್ಕೆ ಬೀಗ ಹಾಕಿರುತ್ತದೆ.

ಪ್ರಶ್ನೆ, ವಾಸ್ಕೊದಿಂದ:
ಸರ, ನಂದೂ ಇದ ಬೋರ್ಡ್ ಐತ್ರಿ. ಎರಡನೇ ಸ್ಲಾಟಿಗೆ ರ‍್ಯಾಮ್ ಹಾಕಿದ್ರ ಮಷೀನ್ ಚಾಲೂನ ಆಗೂದಿಲ್ಲ. ಒಂದ ಸ್ಟಿಕ್ ಇದ್ರ ಬರೊಬ್ಬರಿ ಓಡ್ತೈತಿ. ಬೋರ್ಡ್ ಹೋತೇನ್ರಿ?

ಉತ್ತರ, ಗ್ರ್ಯಾಂಟ್ ರೋಡ್:
ಈಗಲೇ ಬೋರ್ಡಿನ ಆಸೆ ಬಿಡಬೇಡಿ. ಸಮುದ್ರದ ಉಪ್ಪುಗಾಳಿ, ಮಳೆಗಾಲದ ತೇವಕ್ಕೆ ವರ್ಷಗಟ್ಟಲೆ ಖಾಲಿ ಇದ್ದ ಸ್ಲಾಟಿನ ಹಲ್ಲುಗಳಿಗೆ ಕಿಲುಬು ಹಿಡಿಯುತ್ತದೆ. ಸ್ಟಿಕ್ಕಿನ ಚಿನ್ನದ ಬಣ್ಣದ ಅಂಚನ್ನು ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಝಾಡಿಸಿ. ಸ್ಲಾಟಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಪೂರ್ತಿ ಆರಿದ ಮೇಲೆ ಸ್ಟಿಕ್ಕನ್ನು ನಾಲ್ಕೈದು ಸಲ ಹಾಕಿ ತೆಗೆಯಿರಿ. ಆಗಲೂ ಬಾರದಿದ್ದರೆ ಕೂಲರಿನ ಒತ್ತಡ ಒಂದು ಕಡೆಗೆ ಹೆಚ್ಚಾಗಿದೆಯೇ, ಪ್ರೊಸೆಸರ್ ಸಾಕೆಟ್ಟಿನಲ್ಲಿ ಪಿನ್ ಬಾಗಿದೆಯೇ ನೋಡಬೇಕು. ಒಂದು ಚಾನೆಲ್ ಸಾಯಲು ಅದೂ ಕಾರಣ.

ಪ್ರಶ್ನೆ, ಪುಣೆ, ಕೊಥ್ರೂಡ್‌ನಿಂದ:
ನನ್ನ ಹತ್ತಿರ ಕಾರ್ಡೇ ಇಲ್ಲ, ಪ್ರೊಸೆಸರ್, ಬೋರ್ಡ್ ಡೊಂಬಿವಲಿಯವರದ್ದೇ. ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್ ತರಬಹುದೇ? ಇಲ್ಲಾ ಸೆಕೆಂಡ್ ಹ್ಯಾಂಡ್ ಐ7 ಪ್ರೊಸೆಸರೇ?

ಉತ್ತರ, ಪುಣೆ, ಹಾರ್ಡ್‌ವೇರ್ ಸರ್ವಿಸ್:
ಇದಕ್ಕೆ ನಾನು ಹೇಳುತ್ತೇನೆ. ಆ ಕಾರ್ಡ್ ಬೇಡ. ಕಾರ್ಡಿಗೂ ಪ್ರೊಸೆಸರಿಗೂ ನಡುವೆ ಡೇಟಾ ಸಾಗಿಸುವ ಪಿಸಿಐಇ ಲೇನ್ ಅದಕ್ಕೆ ಇರುವುದೇ ನಾಲ್ಕು. ಪ್ರೊಸೆಸರಿಗೆ ಪಿಸಿಐಇ 3.0 ಗೊತ್ತಿದ್ದರೂ ಎಚ್81 ಬೋರ್ಡ್ 2.0ರಲ್ಲೇ ನಿಲ್ಲಿಸುತ್ತದೆ. ನಾಲ್ಕೇ ಲೇನಿಗೆ ಸೆಕೆಂಡಿಗೆ 2 ಜಿಬಿ ಸಾಗಿದರೆ ಹೆಚ್ಚು, ಕಾರ್ಡಿನ 4 ಜಿಬಿ ತುಂಬಿದ ಕ್ಷಣ ಗೇಮ್ ಮುಗ್ಗರಿಸುತ್ತದೆ. 16 ಲೇನಿನ ಜಿಟಿಎಕ್ಸ್ 1650 ಇದಕ್ಕಿಂತ ಒಗ್ಗುತ್ತದೆ. ಇಂಟೆಲ್ ಆರ್ಕ್ ಕಾರ್ಡ್ ಅಂತೂ ಬೇಡ, ಅದಕ್ಕೆ ಈ ಹಳೇ ಬೋರ್ಡಿನಲ್ಲಿಲ್ಲದ ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿ ಪ್ರೊಸೆಸರಿಗೆ ಒಮ್ಮೆಗೇ ಸಿಗುವ ಸೌಲಭ್ಯ) ಬೇಕು.

ಐ7-4790 ಅದೇ 1150 ಸಾಕೆಟ್ಟಿಗೆ ಕೂರುತ್ತದೆ. ನಾಲ್ಕು ಕೋರಿಗೆ ಎಂಟು ಥ್ರೆಡ್, ಟರ್ಬೊ 4.0 ಗಿಗಾಹರ್ಟ್ಸ್. ನಿಮ್ಮದು ನಾಲ್ಕಕ್ಕೆ ನಾಲ್ಕೇ, 3.4. ಎರಡಕ್ಕೂ 84 ವಾಟ್ ಆದ್ದರಿಂದ ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪವರ್ ಸಪ್ಲೈ) ಬದಲಿಸಬೇಕಿಲ್ಲ. ಝಿಯಾನ್ ಇ3-1231 ವಿ3 ಪ್ರೊಸೆಸರ್ ಅಗ್ಗಕ್ಕೆ ಸಿಕ್ಕರೆ ಅದೂ ಆದೀತು, ಆದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಪರದೆ ಕಪ್ಪು. ಬೋರ್ಡ್ ಕಂಪನಿಯ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ, ಬೋರ್ಡಿನೊಳಗಿನ ಬಯೋಸ್ ಸಾಫ್ಟ್‌ವೇರಿನ ಅಪ್‌ಡೇಟ್ ಬೇಕಿದ್ದರೆ ಹಳೇ ಪ್ರೊಸೆಸರ್ ಇರುವಾಗಲೇ ಮುಗಿಸಿ.

ಐ7 ಹಾಕಿದ ಮೇಲೆ ಶಾಖ 70 ಇದ್ದರೂ ವೇಗ 800 ಮೆಗಾಹರ್ಟ್ಸಿಗೆ ಕುಸಿಯುತ್ತಿದ್ದರೆ, ಪ್ರೊಸೆಸರಿನ ಬದಿಯಲ್ಲಿರುವ, ಅದಕ್ಕೆ ಕರೆಂಟ್ ಹದಗೊಳಿಸಿ ಕೊಡುವ ವಿಆರ್‌ಎಂ ಕಾದಿದೆಯೇ ನೋಡಿ. ಅಗ್ಗದ ಎಚ್81ರಲ್ಲಿ ಅದಕ್ಕೆ ಹೀಟ್‌ಸಿಂಕ್ ಇರುವುದೇ ಅಪರೂಪ. ಹಾಗಾಗಿ ಟವರ್ ಕೂಲರಿಗಿಂತ ಕೆಳಮುಖವಾಗಿ ಗಾಳಿ ಊದುವ ಕೂಲರೇ ಇಲ್ಲಿ ಲೇಸು.

ಬೆಲೆ ಹೆಚ್ಚು ಹೇಳಿದರೆ ಬಿಡಿ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಇಂಟೆಲ್‌ನ ಈ ನಾಲ್ಕನೇ ತಲೆಮಾರಿನ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಹೊಸ ಬೋರ್ಡಿನ ಅರ್ಧ ಬೆಲೆ ಕೇಳುವ ಐ7 ಕೊಳ್ಳುವುದಕ್ಕಿಂತ ಆ ಹಣ ಹೊಸ ಬೋರ್ಡಿಗೇ ಕೂಡಿಡಿ.